ಎಲ್ಲರ ಕಿವಿ ಮುಚ್ಚಿದವನು

ಅವನ ವಿಷಯ ಅವಳಿಗೆ ಮೊದಲು ಗೊತ್ತಾದದ್ದು ಅವಳ ಮದುವೆಯ ಮಾತು ಮುಗಿದ ದಿನ. ಎರಡೂ ಕಡೆಯವರು ಒಪ್ಪಿ, ಚಹಾ ಕುಡಿದು, ಇನ್ನೇನು ಏಳಬೇಕು ಅನ್ನುವಾಗ ಅವಳ ಅಪ್ಪ ಕೇಳಿದರು: "ಹುಡುಗನಿಗೆ ತಮ್ಮ ಒಬ್ಬ ಇದ್ದಾನಂತಲ್ಲ, ಏನು ಮಾಡ್ತಾನೆ?"

ಅತ್ತೆಯಾಗುವವರು ಕುತ್ತಿಗೆ ಒಂದಿಷ್ಟು ಉದ್ದ ಮಾಡಿ, "ವಿಮಾನದಲ್ಲಿದ್ದಾನೆ" ಎಂದರು.

ಬಾಗಿಲ ಹಿಂದೆ ಅವಳ ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ಅವಳ ತೋಳು ಚಿವುಟಿ, "ಅವಸರ ಮಾಡಿದ್ವಿ ಕಣೇ, ತಮ್ಮನನ್ನೇ ಕೇಳಬೇಕಿತ್ತು" ಎಂದು ಪಿಸುಗುಟ್ಟಿದಳು. ಆದರೆ ಮದುಮಗ, ಸುಳ್ಳು ಕೇಳಿದರೆ ಗಂಟಲಲ್ಲಿ ಮುಳ್ಳು ಸಿಕ್ಕವನ ಹಾಗೆ ಒದ್ದಾಡುವ ಮನುಷ್ಯ, ಎರಡು ಸಲ ಕೆಮ್ಮಿ ಹೇಳಿದ: "ವಿಮಾನದಲ್ಲಿ ಅಲ್ಲ, ವಿಮಾನದ ಹತ್ತಿರ. ಮೇಲೆ ಹೋಗೋರ ಕಿವಿಗೆ ಡಬ್ಬಿ ಹಾಕಿ ಕಳಿಸ್ತಾನೆ." ಅತ್ತೆಯ ಕುತ್ತಿಗೆ ಮೊದಲಿದ್ದ ಅಳತೆಗೆ ಬಂತು.

ಆ ಡಬ್ಬಿ ಏನೆಂಬುದು ಮದುವೆಯಾಗಿ ಬಂದ ಮೇಲೆ ತಿಳಿಯಿತು. ಪಟ್ಟಣದ ಅಂಚಿನಲ್ಲಿ ವಿಮಾನ ಹಾರಿಸಲು ಕಲಿಸುವ ಒಂದು ಕ್ಲಬ್ಬು. ತಗಡಿನ ದೊಡ್ಡ ಶೆಡ್ಡು, ಅದರ ಪಕ್ಕೆಗೆ ಅಂಟಿಕೊಂಡಂತೆ ಒಂದು ಇಕ್ಕಟ್ಟು ಕೋಣೆ. ಆ ಕೋಣೆಯ ಗೋಡೆ ತುಂಬ ಮರದ ಗೂಟ, ಗೂಟಕ್ಕೊಂದು ಹೆಡ್‌ಸೆಟ್. ಸಣ್ಣ ವಿಮಾನದ ಇಂಜಿನ್ನಿನ ಅಬ್ಬರಕ್ಕೆ ಪಕ್ಕದಲ್ಲಿ ಕೂತವನು ಕಿರುಚಿದರೂ ಬಾಯಿ ಆಡಿದ್ದಷ್ಟೇ ಕಾಣುವುದು. ಹೆಡ್‌ಸೆಟ್ ಆ ಅಬ್ಬರವನ್ನು ಹೊರಗಿಟ್ಟು, ಟವರಿನಲ್ಲಿ ಕೂತು ದಾರಿ ಹೇಳುವವನ ದನಿಯನ್ನು ಕಿವಿಗೆ ತರಬೇಕು; ಹಾರಿಸುವವರ ದನಿಯನ್ನು ಅವನಿಗೆ ಮುಟ್ಟಿಸಬೇಕು. ಈ ಕೋಣೆಗೆ ಮೈದುನನೇ ಯಜಮಾನ. ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು.

ಅವನು ಅದನ್ನು ಹಾಕಿ ಕಳಿಸುವುದನ್ನು ಅವಳು ಒಮ್ಮೆ ಹೋಗಿ ನೋಡಿದ್ದಳು. ಮೊದಲ ಸಲ ವಿಮಾನ ಹತ್ತುವ ದಪ್ಪನೆಯ ಗುಮಾಸ್ತನೊಬ್ಬ ಹೆಡ್‌ಸೆಟ್ಟನ್ನು ಟೋಪಿಯ ಹಾಗೆ ತಲೆಯ ಮೇಲೆ ಹೇರಿಕೊಂಡಿದ್ದ.

"ಹಾಗಲ್ಲ ಸ್ವಾಮಿ. ಪಟ್ಟಿ ಪೂರ್ತಿ ಹಿಗ್ಗಿಸಿ, ಮೊದಲು ಕಿವಿ ಒಳಗೆ ಕೂರಲಿ, ಆಮೇಲೆ ಪಟ್ಟಿ ಇಳಿಸಿ. ಈ ಕನ್ನಡಕದ ಕಡ್ಡಿ ಏನು, ಬಾಗಿಲ ಅಗುಳಿಯಷ್ಟು ದಪ್ಪ ಇದೆಯಲ್ಲ! ಸಂದು ಬಿಟ್ರೆ ಇಂಜಿನ್ನು ಕಳ್ಳನ ಹಾಗೆ ಅಲ್ಲಿಂದಲೇ ನುಗ್ಗುತ್ತೆ. ತೆಳು ಕಡ್ಡೀದು ಇದ್ರೆ ಹಾಕ್ಕೊಳ್ಳಿ."

"ಮೈಕು?"

"ತುಟಿ ಪಕ್ಕ, ಒಂದು ಬೆರಳು ದಪ್ಪ ಜಾಗ ಬಿಟ್ಟು. ಹೊಸ ದಂಪತಿ ಥರ ಅಂಟ್ಕೊಂಡೂ ಇರಬಾರದು, ಹಳೇ ದಂಪತಿ ಥರ ಮುಖ ತಿರುಗಿಸ್ಕೊಂಡೂ ಇರಬಾರದು." ಹೀಗೆಂದು ಅವನು ಅತ್ತಿಗೆಯ ಕಡೆ ಓರೆಗಣ್ಣಲ್ಲಿ ನೋಡಿ ನಕ್ಕ. "ಪ್ಲಗ್ಗು ಎರಡು. ಒಂದು ಕೇಳೋಕೆ, ಒಂದು ಆಡೋಕೆ. ಎರಡೂ ಕೊನೇವರೆಗೆ ಹೋಗಬೇಕು. ವಾಲ್ಯೂಮು ಮೊದಲು ತಗ್ಗಿಸಿ, ಆಮೇಲೆ ಬೇಕಾದಷ್ಟು ಏರಿಸಿ. ವಯರು ಹಾರಿಸೋರ ಕೈಕಾಲಿಗೆ ತೊಡರದ ಹಾಗೆ ಪಕ್ಕಕ್ಕೆ ಹಾಕ್ಕೊಳ್ಳಿ. ಮಾತು ನಿಂತುಹೋದ್ರೆ ಹೆದರಬೇಡಿ, ಮೊದಲು ಪ್ಲಗ್ಗು ಒತ್ತಿ ನೋಡಿ."

ಇನ್ನೊಂದು ಕೆಲಸ ಅವನು ಯಾರೂ ಬರುವ ಮೊದಲೇ ಮುಗಿಸುತ್ತಿದ್ದ. ಒಂದು ಸಣ್ಣ ಬ್ಯಾಟರಿ ಡಬ್ಬಿಗೆ ಹೆಡ್‌ಸೆಟ್ ಸಿಕ್ಕಿಸಿ, ಕಿವಿಗಿಟ್ಟು, ಕಣ್ಣು ಮುಚ್ಚಿ, ವಯರನ್ನು ಪ್ಲಗ್ಗಿನ ಬುಡದಿಂದ ಮೇಲಿನವರೆಗೆ ಇಷ್ಟಿಷ್ಟೇ ಬಗ್ಗಿಸುತ್ತ ಬರುವುದು. ಒಳಗೆ ತಂತಿಯ ಎಳೆ ಮುರಿದಿದ್ದರೆ ಬಗ್ಗಿಸಿದ ಕಡೆ ಕರಕರ ಎಂದು ತೀರಾ ಸಣ್ಣ ಸದ್ದು ಬರುತ್ತದೆ. ಅಂಥದ್ದು ಇವತ್ತು ಚೆನ್ನಾಗಿಯೇ ಮಾತಾಡುತ್ತದೆ, ನಾಳೆ ಮೇಲೆ ಹೋದಾಗ ಇಂಜಿನ್ನಿನ ನಡುಕಕ್ಕೆ ಕೈಕೊಡುತ್ತದೆ. ಕರಕರ ಎಂದದ್ದಕ್ಕೆ ಕೆಂಪು ಚೀಟಿ ಕಟ್ಟಿ ಕೆಳಗಿಡುವನು. ಇದಕ್ಕೆ ಯಂತ್ರ ಬೇಡ, ಓದು ಬೇಡ, ಕಿವಿ ಇದ್ದರೆ ಸಾಕು.

ಅವಳೂ ಆ ಕೋಣೆಯ ಕೆಲಸಕ್ಕೆ ಕೈ ಹಾಕಿದ್ದುಂಟು. ಕಿವಿಯ ಮೆತ್ತೆಗಳು ಬೆವರಿಗೆ ಅಂಟುತ್ತವೆ ಎಂದು ಅವನು ಹತ್ತಿಬಟ್ಟೆಯ ಗವಸು ಹೊಲಿಯಲು ಹೇಳಿದ್ದ. ಅವಳು ಮುತುವರ್ಜಿಯಿಂದ ಸುತ್ತಲೂ ನೆರಿಗೆ ಇಟ್ಟು ಹೊಲಿದು ಕೊಟ್ಟಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೆ, ಇದು ಪೈಲಟ್ಟಿಗೋ ತೊಟ್ಟಿಲ ಮಗೂಗೋ? ನೆರಿಗೆ ಇದ್ದ ಕಡೆಯೆಲ್ಲ ಸದ್ದು ಒಳಗೆ ಬರ್ತದೆ. ತೆಳ್ಳಗೆ ಹೊಲೀರಿ, ಹೊಲಿಗೆ ಹೊರಗಿರಲಿ." ಅಂದಿನಿಂದ ಗವಸು ಅವಳದೇ.

ಎಲ್ಲರ ಕಿವಿ ಮುಚ್ಚಿ ಕಳಿಸುವವನು ತನ್ನ ಕಿವಿಗೆ ಮಾತ್ರ ಏನೂ ಹಾಕುತ್ತಿರಲಿಲ್ಲ. ಯಾರೋ ಪ್ಲಗ್ಗು ಮರೆತರು ಎಂದು ಓಡುತ್ತಿರುವ ಇಂಜಿನ್ನಿನ ಪಕ್ಕಕ್ಕೇ ಹೋಗಿ ನಿಲ್ಲುವನು. "ನೀನೂ ಒಂದು ಹಾಕ್ಕೊಳ್ಳೋ" ಎಂದರೆ, "ಯಾರಾದ್ರೂ ಕರೆದ್ರೆ ಕೇಳಿಸಬೇಕಲ್ಲ ಅತ್ತಿಗೆ" ಎನ್ನುವನು.

ವರ್ಷಗಳು ಹೋದವು. ಅತ್ತೆ ಹೋದರು, ಆಮೇಲೆ ಅವಳ ಗಂಡನೂ ಹೋದ. ಮದುವೆಯ ಗೋಜಿಗೇ ಹೋಗದ ಮೈದುನ ಮುಂದಿನ ಕೋಣೆಯಲ್ಲಿ, ಅವಳು ಒಳಗಿನ ಕೋಣೆಯಲ್ಲಿ. ನೀರಿನ ಕೆಟಲ್ಲು ಸೀಟಿ ಹಾಕಿ ಹಾಕಿ ಸುಸ್ತಾದರೂ ಪಕ್ಕದಲ್ಲೇ ಕೂತ ಅವನು ಅಲುಗಾಡುತ್ತಿರಲಿಲ್ಲ. "ಕೂತಲ್ಲೇ ಬೇರು ಬಿಟ್ಯೇನೋ, ಒಲೆ ಆರಿಸೋಕೂ ನಾನೇ ಬರಬೇಕಾ?" ಎಂದು ಅವಳು ಗದರುವಳು. ಗದರಿದ್ದು ಕೇಳಿಸುತ್ತಿತ್ತು. ತಟ್ಟನೆ ಎದ್ದು ಆರಿಸುತ್ತಿದ್ದ. ಹಾಗಾಗಿ ಅವಳು ಅದನ್ನು ಸೋಮಾರಿತನ ಎಂದೇ ತಿಳಿದಳು.

ಆ ದಿನಗಳಲ್ಲಿ ಕ್ಲಬ್ಬಿಗೆ ಬೇಕರಿಯವನ ಮಗಳು ಕಲಿಯಲು ಬರುತ್ತಿದ್ದಳು. ಬ್ರೆಡ್ಡಿನ ತಟ್ಟೆಗಳನ್ನು ಒಲೆಯಿಂದ ತೆಗೆದಿಟ್ಟು, ಮೊಣಕೈಗೆ ಮೆತ್ತಿದ ಹಿಟ್ಟಿನ ಸಮೇತ ಸೈಕಲ್ ತುಳಿದುಕೊಂಡು ಬರುವವಳು. "ಕಿವಿಯಣ್ಣ, ನನ್ನ ತಲೆ ದಪ್ಪವೋ, ನಿಮ್ಮ ಹೆಡ್‌ಸೆಟ್ ಸಣ್ಣದೋ?" ಎಂದು ಅವಳು ಕೇಳಿದರೆ, "ತಲೆ ಸರಿಯಾಗೇ ಇದೆ ತಾಯಿ, ತುರುಬು ಇಳಿಸು" ಎನ್ನುವನು. ಮನೆಗೆ ಬಂದು ಅದನ್ನೆಲ್ಲ ಹೇಳುವನು. ಸ್ವಂತ ಮಗಳಿದ್ದರೂ ಅಷ್ಟು ಹೇಳುತ್ತಿದ್ದನೋ ಇಲ್ಲವೋ.

ಆ ಹುಡುಗಿ ಒಬ್ಬಳೇ ಹಾರಲು ಹೋದ ಒಂದು ದಿನ, ಇಳಿಯಲು ಬರುವಾಗ ರನ್‌ವೇಯ ಮೇಲೆ ಇನ್ನೊಂದು ವಿಮಾನ ನಿಂತುಬಿಟ್ಟಿತ್ತು. ಇಳಿಯಬೇಡ, ಮೇಲೇ ಹೋಗು ಎಂದು ಟವರಿನವನು ಕೂಗಿದ. ಅವಳು ಇಳಿದೇ ಬಿಟ್ಟಳು. ಎದುರಿಗಿದ್ದದ್ದು ಕಂಡಾಗ ಹುಲ್ಲಿಗೆ ತಿರುಗಿಸಿದಳು. ಚಕ್ರ ಮುರಿದು, ರೆಕ್ಕೆ ನೆಲಕ್ಕೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದವಳು ಒಂದೇ ಮಾತು ಹೇಳಿದಳು: "ನನಗೆ ಕೇಳಿಸಲಿಲ್ಲ. ಆಗಾಗ ಕಡಿದು ಹೋಗ್ತಿತ್ತು. ಪ್ಲಗ್ಗು ಒತ್ತಿದೆ, ಬಂತು, ಮತ್ತೆ ಹೋಯ್ತು."

ಕ್ಲಬ್ಬಿನ ಯಜಮಾನರು ಎಲ್ಲರ ಎದುರಿಗೇ ಆ ಹೆಡ್‌ಸೆಟ್ ತರಿಸಿದರು. "ಕಿವಿಯಣ್ಣ, ನೀನೇ ನೋಡಿ ಹೇಳು."

ಅವನು ಡಬ್ಬಿಗೆ ಸಿಕ್ಕಿಸಿದ, ಕಿವಿಗಿಟ್ಟ, ಕಣ್ಣು ಮುಚ್ಚಿ ವಯರು ಬಗ್ಗಿಸಿದ. ಮಾತಾಡಿಸಿ ನೋಡಿದ. ಮಾತು ಸ್ಪಷ್ಟವಾಗಿ ಬಂತು. "ಚೆನ್ನಾಗಿದೆ, ಏನೂ ದೋಷ ಇಲ್ಲ" ಎಂದ.

ಅಷ್ಟು ಸಾಕಾಯಿತು. ಕಿವಿಯಣ್ಣನ ಮಾತಿಗೆ ಎದುರು ಮಾತೇ ಇಲ್ಲ. ಹೆದರಿ ಕೈಚೆಲ್ಲಿದ್ದಲ್ಲದೆ ಸುಳ್ಳು ಬೇರೆ ಹೇಳುತ್ತಾಳೆ ಎಂದು ಯಜಮಾನರು ಅವಳಿಗೆ ಇನ್ನು ಬರಬೇಡ ಎಂದರು. ಆ ಸಂಜೆ ಅವನು ಊಟಕ್ಕೆ ಕೂತು, "ಅವಳು ಸುಳ್ಳು ಹೇಳೋ ಜಾತಿ ಅಲ್ಲ ಅತ್ತಿಗೆ. ಹೆದರಿಕೆ ಏನೇನೋ ಹೇಳಿಸುತ್ತೆ" ಎಂದು ತಟ್ಟೆ ಹಾಗೇ ಬಿಟ್ಟು ಎದ್ದ.

ಸ್ವಲ್ಪ ದಿನದ ಮೇಲೆ ಅದೇ ಹೆಡ್‌ಸೆಟ್ಟನ್ನೂ ಬ್ಯಾಟರಿ ಡಬ್ಬಿಯನ್ನೂ ಮನೆಗೆ ತಂದ. ಗವಸು ಹರಿದಿತ್ತು. ಅವಳು ಹೊಸದು ಹೊಲಿದು ತೊಡಿಸಿ, ಸರಿಯಾಗಿ ಕೂತಿದೆಯೇ ನೋಡಲು ತನ್ನ ತಲೆಗೇ ಹಾಕಿಕೊಂಡಳು. ಅವನು ತಮಾಷೆಗೆ ಡಬ್ಬಿಗೆ ಸಿಕ್ಕಿಸಿ, "ಅತ್ತಿಗೆ, ಹಾರೋಕೆ ಅಪ್ಪಣೆಯಾ?" ಎಂದ. ವಯರು ಮೇಜಿನಂಚಿಗೆ ಬಗ್ಗಿತು.

"ಏನೋ ಇದು, ಒಳಗೆ ಇಲಿ ಕಡೀತಿದೆ!" ಎಂದು ಅವಳು ನಕ್ಕಳು.

"ಏನು?"

"ಕರಕರ ಅಂತಿದೆಯಲ್ಲೋ. ನೋಡು, ಹೀಗೆ ಬಗ್ಗಿಸಿದಾಗ."

ಅವನು ಅವಳ ತಲೆಯಿಂದ ಅದನ್ನು ಕಿತ್ತುಕೊಂಡು ತನ್ನ ಕಿವಿಗಿಟ್ಟ. ಪ್ಲಗ್ಗಿನ ಬುಡ ಬಗ್ಗಿಸಿದ. ಇನ್ನೊಂದು ಕಿವಿಗಿಟ್ಟ. ಮತ್ತೆ ಬಗ್ಗಿಸಿದ. ಅವಳ ಕೈಗೆ ಕೊಟ್ಟು, "ಈಗ?" ಎಂದ. "ಹೂಂ, ಈಗಲೂ." ಅವನ ಮುಖ ಸುಣ್ಣದ ಗೋಡೆಯಾಯಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕೆಟಲ್ಲು ಸೀಟಿ ಹಾಕಿತು. ಅವಳು ಆ ಕಡೆ ತಿರುಗಿದಳು. ಅವನು ಅವಳು ತಿರುಗಿದ್ದನ್ನು ನೋಡಿದ, ಅಷ್ಟೇ. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮಾತು ಕೇಳುವ ಕಿವಿ ಉಳಿದಿತ್ತು. ಸಣ್ಣ ಸದ್ದು ಕೇಳುವ ಕಿವಿ ಯಾವಾಗಲೋ ಹೋಗಿತ್ತು.

ಸೋಮಾರಿ ಎಂದು ಗದರಿದ ಎಷ್ಟೋ ಸಲ ನೆನಪಾಗಿ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೂ ಅವಳ ಬಾಯಿಂದ ಮೊದಲು ಬಂದದ್ದು, "ಯಾರಿಗೂ ಗೊತ್ತಿಲ್ಲವಲ್ಲ ಬಿಡು. ಅದಕ್ಕೆ ಕೆಂಪು ಚೀಟಿ ಕಟ್ಟಿ ಒಳಗಿಟ್ಬಿಡು. ಈ ವಯಸ್ಸಲ್ಲಿ ಕೆಲಸ ಬಿಟ್ಟು ನೀನು ಏನು ಮಾಡ್ತೀಯ?" ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಅವಳು ಬ್ರೆಡ್ಡು ತರಲು ಬೇಕರಿಗೆ ಹೋದಳು. ಗಲ್ಲಾಪೆಟ್ಟಿಗೆಯ ಹಿಂದೆ ಆ ಹುಡುಗಿಯೇ ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಮುಂದೆ ನಿಂತ ಮಾಂಸದ ಅಂಗಡಿಯವನು, "ಏನಮ್ಮ ಪೈಲಟ್ಟು, ಬ್ರೆಡ್ಡಾದ್ರೂ ಸರಿಯಾಗಿ ಇಳಿಸ್ತೀಯಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು, ನಗುತ್ತಲೇ ಬ್ರೆಡ್ಡು ಕಟ್ಟಿದಳು, ಆದರೆ ದಾರ ಗಂಟು ಬೀಳಲೊಲ್ಲದು. ಅತ್ತಿಗೆಯ ಸರದಿ ಬಂದಾಗ, "ಕಿವಿಯಣ್ಣ ಚೆನ್ನಾಗಿದ್ದಾರಾ? ಅವರ ಮೇಲೆ ನನಗೇನೂ ಸಿಟ್ಟಿಲ್ಲ ಅನ್ನಿ. ಇದ್ದದ್ದು ಹೇಳಿದ್ರು" ಎಂದಳು. ಅತ್ತಿಗೆಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬ್ರೆಡ್ಡು ಅಲ್ಲೇ ಬಿಟ್ಟು ಮನೆಗೆ ಬಂದಳು. ಬಂದವಳೇ ಅವನ ಬಾಗಿಲು ತಟ್ಟಿ, ಕಂಡದ್ದು ಕೇಳಿದ್ದು ಒಂದೂ ಬಿಡದೆ ಹೇಳಿದಳು. ನಿನ್ನೆ ತಾನಾಡಿದ ಮಾತು ವಾಪಸು ತೆಗೆದುಕೊಂಡೆ ಎಂದೂ ಹೇಳಿದಳು.

ಬೇರೆಯವರ ಕೈಲಿ ಕೇಳಿ ಪಡೆಯುವ ಸ್ವಭಾವವೇ ಅವನದಲ್ಲ. ಜ್ವರ ಬಂದರೂ ನೀರು ತಾನೇ ಎದ್ದು ಕುಡಿಯುವವನು. ಅಂದು ಅವನು ಅವಳನ್ನು ಎರಡು ಸಲ ಕೇಳಿದ. ಆಮೇಲೆ ಬದುಕಿದ್ದಷ್ಟು ಕಾಲವೂ ಮತ್ತೆ ಏನನ್ನೂ ಕೇಳಲಿಲ್ಲ. ಮೊದಲು ಕೇಳಿದ್ದು ಇದು:

"ಯಜಮಾನರು ಮೀಸೆ ಒಳಗೇ ಮಾತಾಡ್ತಾರೆ ಅತ್ತಿಗೆ. ನೀವೂ ಬರ್ತೀರಾ? ಏನು ಏನು ಅಂತ ಮತ್ತೆ ಮತ್ತೆ ಕೇಳೋಕೆ ನನಗೆ ನಾಚಿಕೆ."

ಯಜಮಾನರ ಕೋಣೆಯಲ್ಲಿ ದೊಡ್ಡ ಗಾಜಿನ ಕಿಟಕಿ. ಅದರಾಚೆ ರೆಕ್ಕೆ ಮುರಿದ ವಿಮಾನ ಇನ್ನೂ ನಿಂತಿತ್ತು. ಹಾರಿಸಲು ಕಲಿಸುವ ಮೇಷ್ಟರೂ ಅಲ್ಲೇ ಇದ್ದರು. ಕೂತುಕೊಳ್ಳಿ ಎಂದರೂ ಅವನು ಕೂರಲಿಲ್ಲ. ಹೆಡ್‌ಸೆಟ್ಟನ್ನು ಮೇಜಿನ ಮೇಲಿಟ್ಟು, ಪಾಠ ಒಪ್ಪಿಸುವ ಹುಡುಗನಂತೆ ನಿಂತು ಎಲ್ಲ ಹೇಳಿದ: ಎಳೆ ಮುರಿದಿದೆ, ತನಗೆ ಕೇಳಿಸಲಿಲ್ಲ, ಹುಡುಗಿ ಹೇಳಿದ್ದು ನಿಜ, ಸುಳ್ಳಾದದ್ದು ತನ್ನ ಮಾತು.

ಯಜಮಾನರು ಅದನ್ನು ಕಿವಿಗಿಟ್ಟು ವಯರು ಬಗ್ಗಿಸಿದರು. ಒಂದು ಸಲ ಸಾಕಾಯಿತು, ತೆಗೆದಿಟ್ಟರು. ಮೇಷ್ಟರ ಕಡೆ ತಿರುಗಿ, "ಈಗಲೇ ಬೇಕರಿಗೆ ಹೋಗಿ. ನನ್ನ ಪರವಾಗಿ ಕ್ಷಮೆ ಕೇಳಿ, ಕರ್ಕೊಂಡು ಬನ್ನಿ. ಅವಳು ಮತ್ತೆ ಹಾರ್ತಾಳೆ" ಎಂದರು. ಮೇಷ್ಟರು ಎದ್ದು ಹೋದರು. ಅತ್ತಿಗೆ ಅದನ್ನು ಅವನಿಗೆ ಗಟ್ಟಿಯಾಗಿ ಹೇಳಿದಳು. ಅವನು ತಲೆಯಾಡಿಸಿದ.

ಆಮೇಲೆ ಯಜಮಾನರು ಕಿಟಕಿಯ ಕಡೆ ನೋಡುತ್ತ ಮೀಸೆಯೊಳಗೇ ಅಂದರು: "ಆ ಹುಡುಗಿ ಸತ್ತೇ ಹೋಗಿದ್ರೂ ಹೀಗೇ ಕಣ್ಣು ಮುಚ್ಚಿ 'ಚೆನ್ನಾಗಿದೆ' ಅಂತಿದ್ನಾ? ಕೇಳಮ್ಮ ನಿನ್ನ ಮೈದುನನ್ನ."

ಇಷ್ಟು ವರ್ಷ ಮನೆಯಲ್ಲಿ ಯಾರ ಮನಸ್ಸನ್ನೂ ನೋಯಿಸದ ಜೀವ, ಅದರ ಮುಖಕ್ಕೆ ಇದನ್ನು ಹೇಗೆ ಎಸೆಯುವುದು? ಅವನ ಕಿವಿಯ ಹತ್ತಿರ ಬಾಗಿ, "ಯಾವಾಗಿಂದ ಕೇಳಿಸ್ತಿಲ್ಲ ಅಂತ ಕೇಳ್ತಿದ್ದಾರೆ ಕಣೋ" ಎಂದಳು.

ಅವನು ಯಜಮಾನರ ಬೆನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ಅದಲ್ಲ ಅತ್ತಿಗೆ ಅವರು ಕೇಳಿದ್ದು" ಎಂದ. "ಅವರು ಅಂದದ್ದನ್ನ ಅಂದ ಹಾಗೇ ಹೇಳಿ. ಗಟ್ಟಿಯಾಗಿ ಹೇಳಿ, ನನಗೆ ಕೇಳಿಸಲಿ."