ಪೂಜೆಗೆ ಕುಳಿತ ಪಿಸ್ತೂಲಿನವನು

ಯಾವ ಹೋಟೆಲಿಗೆ ಹೋದರೂ ನಾನು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂಡುತ್ತೇನೆ. ಅಂಥ ಜಾಗ ಖಾಲಿ ಇಲ್ಲದಿದ್ದರೆ ಖಾಲಿಯಾಗುವತನಕ ನಿಂತಿರುತ್ತೇನೆ, ಚಹಾ ಆರಿದರೂ ಸರಿ. “ಯಾರ ಬರೂದೈತಿ ನಿಮ್ಮನ್ನ ಹುಡುಕ್ಕೋತ? ಅಂಥಾ ಘನಂದಾರಿ ಏನ್ ಮಾಡೀರಿ?” ಎಂದು ನನ್ನ ಹೆಂಡತಿ ನಾಲ್ಕು ಜನರ ಎದುರಿಗೇ ಕೇಳುತ್ತಾಳೆ. ಯಾರೂ ಬರುವುದಿಲ್ಲ. ನಾನು ಏನೂ ಮಾಡಿಲ್ಲ. ಆದರೂ ಬಾಗಿಲ ಮೇಲೆ ಒಂದು ಕಣ್ಣಿಡದೆ ನನಗೆ ಬಾಯಿಗಿಟ್ಟದ್ದು ಗಂಟಲಲ್ಲಿ ಇಳಿಯುವುದಿಲ್ಲ.

ಈ ಚಟ ನನಗೆ ಅಂಟಿದ್ದು ಅಮೇರಿಕದ ಒಬ್ಬ ಪಿಸ್ತೂಲಿನವನಿಂದ. ಗಾಬರಿಯಾಗಬೇಡಿ, ಅವನು ಕಾಗದದ ಮನುಷ್ಯ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಬೆಳಗಾವಿಯಲ್ಲಿ ಬಿ.ಎ. ಓದುತ್ತಿದ್ದಾಗ ಕ್ಯಾಂಪಿನ ಗೋರಾ ಸಾಹೇಬರು ಗಂಟು ಮೂಟೆ ಕಟ್ಟಿಕೊಂಡು ತಮ್ಮ ದೇಶಕ್ಕೆ ಹೋದರು. ಅವರು ಬಿಟ್ಟುಹೋದ ಕಾಗದವೆಲ್ಲ ರದ್ದಿ ಅಂಗಡಿಗೆ ಬಂತು. ಆಮೇಲೆಯೂ ಮುಂಬಯಿ ಕಡೆಯಿಂದ ಅಂಥ ರದ್ದಿ ಬರುತ್ತಲೇ ಇತ್ತು. ಶೇಂಗಾ ಕಟ್ಟಲೆಂದು ಇಟ್ಟ ಆ ರಾಶಿಯಲ್ಲಿ ನನಗೆ ಸಿಕ್ಕವು ಬಣ್ಣದ ಚಿತ್ರಗಳ ತೆಳ್ಳನೆಯ ಪುಸ್ತಕಗಳು. ಪುಟ ತುಂಬ ಚೌಕಗಳು. ಚೌಕದೊಳಗೆ ಕುದುರೆ, ಧೂಳು, ಗುಂಡಿನ ಹೊಗೆ. ಮಾತಾಡುವವರ ಬಾಯಿಂದ ಹೊರಟ ಬುಗ್ಗೆಯೊಳಗೆ ಅವರ ಮಾತು. ಎಲ್ಲ ಪುಸ್ತಕಗಳಲ್ಲೂ ನಾಯಕ ಒಬ್ಬನೇ. ಯಾರೋ ಮಾಡಿದ ದರೋಡೆ ಇವನ ತಲೆಗೆ ಬಂದಿದೆ. ಊರೂರ ಗೋಡೆಗೆ ಇವನ ಮುಖ ಅಂಟಿಸಿದ್ದಾರೆ. ಇವನೋ, ಹೋದ ಊರಲ್ಲೆಲ್ಲ ಬಡವರ ಪರವಾಗಿ ಪಿಸ್ತೂಲು ಎತ್ತಿ, ದುಷ್ಟರನ್ನು ಓಡಿಸಿ, ಕುದುರೆ ಹತ್ತಿ ಹೊರಟುಬಿಡುತ್ತಾನೆ. ಊಟಕ್ಕೆ ಕೂತರೆ ಗೋಡೆಗೆ ಬೆನ್ನು, ಬಾಗಿಲಿಗೆ ಮುಖ.

ಕಾಲೇಜಿನಲ್ಲಿ ನನಗೆ ಕಲಿಸಿದ ಆಂಗ್ಲ ಕಾವ್ಯದಲ್ಲಿ ನಾನು ಕಾಣದ ಹೂಗಳಿದ್ದವು, ನಾನು ನೋಡದ ಹಿಮವಿತ್ತು. ಅವುಗಳನ್ನು ಬಾಯಿಪಾಠ ಮಾಡಿ ಪಾಸಾದೆ. ಆದರೆ ಎದೆಯಲ್ಲಿ ಡವಡವ ಎಂದದ್ದು ಈ ಓಡುವವನ ಪುಸ್ತಕ ಓದುವಾಗ ಮಾತ್ರ. ಯಾಕೆಂದು ಆಗ ಹೊಳೆದಿರಲಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವನು ನಾನೇ ಮೊದಲು. ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಮೊದಮೊದಲು ನನ್ನನ್ನು ಕೂಡಿಸಿದ್ದು ಹೊರಗಿನ ಕಟ್ಟೆಯ ಮೇಲೆ. ಕಿಟಕಿಯಿಂದ ಬೋರ್ಡು ಎಷ್ಟು ಕಾಣುತ್ತದೋ ಅಷ್ಟು ವಿದ್ಯೆ. ಅಲ್ಲಿಂದ ಹೊರಟವನು ಬಿ.ಎ. ತನಕ ಹೋದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ, ನಾಚಿಕೊಂಡು ಹೇಳುವ ರೂಢಿ ನನಗಿಲ್ಲ. ಆದರೆ ಹೀಗೆ ಮೇಲೆ ಬಂದವನಿಗೆ ಒಂದು ರೋಗ ಗಂಟುಬೀಳುತ್ತದೆ. ಯಾರೋ ಬಂದು ಭುಜ ಮುಟ್ಟಿ, “ಏ, ನೀ ಇಲ್ಲಿ ಹ್ಯಾಂಗ ಬಂದಿ? ಏಳು ಮ್ಯಾಲೆ” ಅಂದುಬಿಟ್ಟರೆ ಎಂಬ ಭಯ. ಪದವಿಯ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ ಈ ಭಯ ಹೋಗುವುದಿಲ್ಲ. ಔಷಧದ ಬಾಟಲಿ ಮೇಲೆ ಏನು ಬರೆದಿದೆ, ತಾರಿನಲ್ಲಿ ಏನು ಬಂದಿದೆ ಎಂದು ಓಣಿಯವರು ನನ್ನ ಹತ್ತಿರ ತರುತ್ತಿದ್ದರು. ಓದಿ ಹೇಳುವಾಗಲೂ ನನ್ನ ಒಂದು ಕಿವಿ ಹೊರಗೇ ಇರುತ್ತಿತ್ತು. ತಪ್ಪು ಹೇಳಿದ್ದನ್ನು ಯಾರಾದರೂ ಕೇಳಿಸಿಕೊಂಡರೋ ಎಂದು.

ಊರಿನ ಹೈಸ್ಕೂಲಿನಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಕಾಯಂ ಆಗಿರಲಿಲ್ಲ. ದಸರೆಯ ಸೂಟಿ ಮುಗಿದ ಮೇಲೆ ಹೆಡ್ಮಾಸ್ತರರು ನನ್ನ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕು, ಅದು ಚಲೋ ಇದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಹೆಡ್ಮಾಸ್ತರರು ಶಾಸ್ತ್ರಿಗಳ ಮನೆತನದವರು. ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು. ಕೆಟ್ಟವರಲ್ಲ, ಆದರೆ ಅವರು ನಕ್ಕದ್ದನ್ನು ಕಂಡವರು ಯಾರೂ ಇರಲಿಲ್ಲ. ಆ ವರ್ಷ ಒಬ್ಬ ವಿದ್ಯಾರ್ಥಿಯ ಚೀಲದಲ್ಲಿ ಥೇಟ್ ನನ್ನ ಪಿಸ್ತೂಲಿನವನದೇ ಒಂದು ಪುಸ್ತಕ ಸಿಕ್ಕಾಗ ಅವರು ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಮಾಸ್ತರರ ಕೋಣೆಗೆ ತಂದರು. ನಮಗೆಲ್ಲ ತೋರಿಸಿ, “ಇಂಥಾದ್ದು ಇದ್ದ ಮನ್ಯಾಗ ವಿದ್ಯಾ ನಿಂದ್ರೂದಿಲ್ಲ, ತಿಳೀರಿ” ಎಂದು ಹರಿದು ಬುಟ್ಟಿಗೆ ಹಾಕಿದರು. ನಾನು ಎಲ್ಲರಿಗಿಂತ ಜೋರಾಗಿ ತಲೆ ಅಲ್ಲಾಡಿಸಿದೆ. ಆ ಪುಸ್ತಕ ನಾನು ಓದದೆ ಉಳಿದದ್ದಾಗಿತ್ತು ಎಂಬ ಸಂಕಟ ಬೇರೆ.

ಅಂದು ಸಂಜೆಯೇ ನನ್ನ ಪುಸ್ತಕಗಳನ್ನೆಲ್ಲ ಮುಚ್ಚಿಟ್ಟೆ. ಎಲ್ಲಿ? ಅಪ್ಪನದು ಚರ್ಮದ ಕೆಲಸ. ಬಾವಿಯ ನೀರೆತ್ತುವ ತೊಗಲ ಚೀಲ, ಎತ್ತಿನ ಬಾರು, ರೈತರು ಮೆಟ್ಟುವ ಕಾಲ್ಮರಿ ಅವನ ಕೈಯಲ್ಲಿ ತಯಾರಾಗಿ ಯರಗಟ್ಟಿ, ಮುನವಳ್ಳಿಯ ಸಂತೆ ತನಕ ಹೋಗುತ್ತಿದ್ದವು. ಅವನು ಕೂಡುವ ಮೂಲೆಯಲ್ಲಿ ತೊಗಲಿನ ಸುರುಳಿಗಳ ಹಿಂದೆ ಪುಸ್ತಕ ತುರುಕಿದೆ. ಓದಿದವರು ಯಾರೂ ಆ ಮೂಲೆಗೆ ಬರುವುದಿಲ್ಲ, ಅಲ್ಲಿ ಕೂಡುವವನಿಗೆ ಓದು ಬರುವುದಿಲ್ಲ. ಎಂಥ ಬುದ್ಧಿವಂತ ನಾನು ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಮೂರು ತಿಂಗಳ ಮೇಲೆ ಖಂಡೆಪೂಜೆಯ ದಿನ ಬಂತು. ನಮ್ಮ ಕಡೆ ಅಂದು ಯಾರ ಹೊಟ್ಟೆ ಯಾವುದರಿಂದ ತುಂಬುತ್ತದೋ ಅವರು ಅದಕ್ಕೆ ಪೂಜೆ ಮಾಡುತ್ತಾರೆ. ಕಂಬಳಿ ಹಾಸಿ ಅಪ್ಪ ತೊಗಲು ಕೊಯ್ಯುವ ತನ್ನ ರಂಪಿಗೆ, ಉಳಿಗಳನ್ನು ಇಡುತ್ತಿದ್ದ. ನಾನು ಕಾಲೇಜಿಗೆ ಹೋದಂದಿನಿಂದ ಪಕ್ಕದಲ್ಲಿ ನನ್ನ ಪುಸ್ತಕಗಳೂ ಕೂಡತೊಡಗಿದ್ದವು. ಹೀಗೆ ಪೂಜೆಗೆ ಕೂತದ್ದನ್ನು ಮರುದಿನ ಸಂಜೆ ಬನ್ನಿ ಏರಿಸುವತನಕ ಮುಟ್ಟುವಂತಿಲ್ಲ, ಕದಲಿಸುವಂತಿಲ್ಲ. ನಾನು ಚೆಂಡುಹೂ ತರಲು ಪೇಟೆಗೆ ಹೋಗಿದ್ದೆ. ಅಲ್ಲಿ ಸಾಲೆಯ ಸಿಪಾಯಿ ಸಿಕ್ಕು, “ಸರ್, ನಾಳೆ ಹೆಡ್ಮಾಸ್ತರ ಸಾಹೇಬ್ರು ಬನ್ನಿ ಕೊಡಾಕ ನಿಮ್ಮನೀಗೂ ಬರ್ತಾರಂತ್ರಿ. ಎಲ್ಲಾ ಮಾಸ್ತರ್ರ ಮನೀಗೂ ಹೊಂಟಾರ ಈ ಸಲ” ಎಂದ. ಅಂಥವರು ನಮ್ಮ ಓಣಿಗೆ ಬಂದದ್ದು ಅದುವರೆಗೆ ಇರಲಿಲ್ಲ. ಎದೆಯುಬ್ಬಿಸಿ ಮನೆಗೆ ಬಂದೆ. ಒಳಗೆ ಕಾಲಿಟ್ಟೆ. ಉಬ್ಬಿದ ಎದೆ ಹಾಗೇ ಕುಸಿಯಿತು.

ಅಪ್ಪ ಪೂಜೆ ಹೂಡಿಬಿಟ್ಟಿದ್ದ. ಎಡಕ್ಕೆ ತನ್ನ ಕೆಲಸದ ಹತ್ಯಾರ, ಬಲಕ್ಕೆ ನನ್ನ ಪುಸ್ತಕಗಳ ಗುಡ್ಡೆ, ಗುಡ್ಡೆಯ ನೆತ್ತಿಯ ಮೇಲೆ, ಗೋಡೆಗೆ ಒರಗಿಕೊಂಡು, ನನ್ನ ಪಿಸ್ತೂಲಿನವನು. ಹ್ಯಾಟಿನ ಮೇಲೆ ಅರಿಷಿಣ, ಕುಂಕುಮ. ಕೈಯ ಪಿಸ್ತೂಲು ನೇರವಾಗಿ ಬಾಗಿಲಿಗೆ. ಅಂದರೆ ನಾಳೆ ಒಳಗೆ ಬರುವ ಹೆಡ್ಮಾಸ್ತರರ ಎದೆಗೆ.

“ಅಪ್ಪಾ, ಇದು ಯಾಕ ಇಲ್ಲಿ?”

“ಯಾಕ, ಅದು ಪುಸ್ತಕ ಅಲ್ಲೇನು?” ಎಂದ ಅಪ್ಪ.

ಅಕ್ಷರ ಬಾರದವನಿಗೆ ಬಣ್ಣ ಹಿಡಿಸಿದೆ, ಇದೇ ದೊಡ್ಡ ಪುಸ್ತಕವೆಂದು ತಿಳಿದಿದ್ದಾನೆ ಎಂದುಕೊಂಡೆ. ಮೆಲ್ಲಗೆ ಕೈ ಚಾಚಿದೆ. ಒಲೆಯ ಮುಂದಿನಿಂದ ಅವ್ವ ಕೂಗಿದಳು: “ಏ ಹುಚ್ಚಪ್ಪಾ! ಪೂಜಿಗೆ ಕುಂತದ್ದಕ್ಕ ಕೈ ಹಚ್ಚತಾರೇನು? ಇದನ್ನ ಕಲತಿಯೇನು ಬೆಳಗಾಂವಿಗೆ ಹೋಗಿ?” ಸರಿ, ತಂದ ಚೆಂಡುಹೂಗಳನ್ನೆಲ್ಲ ಅವನ ಮೇಲೆ ಸುರಿದೆ. ಹ್ಯಾಟಿನ ತುದಿಯೂ ಕಾಣದಂತೆ. ಅವ್ವ ಬಂದು ಒಂದೊಂದೇ ಹೂ ಸರಿಸಿ, “ಪೂಜಿ ಅಂದ್ರ ಮಾರಿ ಕಾಣಬೇಕೋ” ಎಂದು ಅವನ ಮುಖಕ್ಕೆ ಬೆಳಕು ಬಿಟ್ಟಳು. ಅವನು ಮತ್ತೆ ಗುರಿ ಹಿಡಿದ.

ಮರುದಿನವೆಲ್ಲ ನನಗೆ ಹೋಳಿಗೆ ರುಚಿಸಲಿಲ್ಲ. ಕೆರೆಯ ದಂಡೆಗೆ ಹೋಗಿ ವಾದ ತಯಾರಿಸಿದೆ. ‘ಸರ್, ಕಿತ್ತೂರ ಕಡೆಯ ಲಾವಣಿಕಾರರು ಯಾರನ್ನು ಹಾಡುತ್ತಾರೆ? ಕುಂಪಣಿ ಸರಕಾರ ಹಿಡಿಯಲು ಹೊರಟವರನ್ನೇ ಅಲ್ಲವೆ? ಸರಕಾರದ ಗುನ್ಹೇಗಾರ ಜನರ ಬಾಯಲ್ಲಿ ವೀರನಾಗುವುದು ಎಲ್ಲ ದೇಶದಲ್ಲೂ ಇರುವಾಗ…’ ಎತ್ತುಗಳಿಗೆ ನೀರು ಕುಡಿಸುತ್ತಿದ್ದವನೊಬ್ಬ ನಾನು ಗಾಳಿಗೆ ಕೈ ಮಾಡುವುದನ್ನು ನೋಡಿ ಎತ್ತು ಹೊಡೆದುಕೊಂಡು ದೂರ ಹೋದ. ನನಗೂ ಗೊತ್ತಿತ್ತು, ಇಂಥ ಪ್ರಬಂಧ ಕೇಳಿ ನೌಕರಿ ಕಾಯಂ ಮಾಡುವವರಲ್ಲ ಅವರು. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ಅಪ್ಪ ಹೆಮ್ಮೆಯಿಂದ ‘ಇದು ನಮ್ಮ ಹುಡುಗನ ಬಿ.ಎ. ಪುಸ್ತಕ’ ಎಂದು ತೋರಿಸಿ, ಅವರು ‘ಇದು ಬುಟ್ಟಿಗೆ ಹಾಕುವ ಕಸ’ ಅಂದುಬಿಟ್ಟರೆ? ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ಅಪ್ಪನ ಮುಖ ಸಣ್ಣದಾದರೆ ಅದನ್ನು ಎಲ್ಲಿ ಹುಡುಕಿ ತರಲಿ?

ಬನ್ನಿ ಮುಡಿಯಲು ಜನ ಊರ ಸೀಮೆ ದಾಟಿ ಹೊರಟಿದ್ದರು. ನಾವು ಹೋಗಿ ಬನ್ನಿ ತಂದು ಪೂಜೆ ಎತ್ತುವಷ್ಟರಲ್ಲಿ ಹೆಡ್ಮಾಸ್ತರರು ಬಾರದಿರಲಿ ಎಂದು ಬೇಡಿಕೊಂಡೆ. ಅವರು ಅದಕ್ಕಿಂತ ಮುಂಚೆಯೇ ಬಂದರು.

ಹೊಸ್ತಿಲ ಹೊರಗೆ ನಿಂತರು. ಕೈಯಲ್ಲಿ ಬನ್ನಿ. ಅಲ್ಲಿಂದಲೇ ಕೊಟ್ಟು ಹೋಗುವವರಂತೆ ಇದ್ದರು. ಆದರೆ ಕಣ್ಣು ಒಳಗೆ ಹೋಯಿತು, ಪಿಸ್ತೂಲಿನ ಬಾಯಿಗೆ ತಾಗಿ ಅಲ್ಲೇ ನಿಂತಿತು. ರುಮಾಲಿನ ಕೆಳಗೆ ಹುಬ್ಬು ಗಂಟಾಯಿತು. ನಾನು ಬಾಗಿಲ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ.

ಅಪ್ಪ ಕೈ ಮುಗಿದು, “ಬರ್ರಿ ಸಾಹೇಬ್ರ. ಇವು ನನ್ನ ಹತ್ಯಾರ್ರಿ, ಇವು ನಮ್ಮ ಹುಡುಗನ ಪುಸ್ತಕ” ಎಂದ.

“ಮ್ಯಾಲಿಂದು?” ಎಂದರು ಹೆಡ್ಮಾಸ್ತರರು. ನನ್ನನ್ನು ನೋಡುತ್ತ ಕೇಳಿದರು. ನನ್ನ ನಾಲಿಗೆ ಲಾವಣಿಕಾರರನ್ನೆಲ್ಲ ಮರೆತಿತ್ತು.

“ಅದು ಅವಂದಲ್ರಿ,” ಎಂದ ಅಪ್ಪ. “ಅದು ನನ್ನ ಪುಸ್ತಕ.”

ನಾನು ಅಪ್ಪನ ಕಡೆ ತಿರುಗಿದೆ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಯೇ? ಮುಖದಲ್ಲಿ ಅಂಥದೇನೂ ಇರಲಿಲ್ಲ.

“ನಿಮಗ ಇಂಗ್ಲೀಷ್ ಬರ್ತದೇನು ಯಜಮಾನ್ರ?”

“ಕನ್ನಡನ ಬರೂದಿಲ್ರಿ.”

“ಮತ್ತ ಹ್ಯಾಂಗ ಓದಿದ್ರಿ?”

“ತೊಗಲ ನೋಡಕೋತ ಹ್ವಾದ್ನಿರಿ,” ಎಂದ ಅಪ್ಪ. “ಕುದುರಿ ಜೀನ ಐತಿ, ಲಗಾಮ ಐತಿ, ಪಿಸ್ತೂಲ ಇಡು ನಡಪಟ್ಟಿ ಐತಿ, ಮೊಣಕಾಲ ಮಟ ಬೂಟ ಅದಾವ. ನಮ್ಮ ಹುಡುಗನ ಉಳಿದ ಪುಸ್ತಕ ಎಲ್ಲಾ ತಿರುವಿ ನೋಡೇನಿ. ಒಂದರಾಗೂ ನಮ್ಮ ಕೆಲಸ ಇಲ್ರಿ. ಇದರಾಗ ಹಾಳಿ ಹಾಳಿಗೂ ಐತಿ. ಅದಕ್ಕ ಮ್ಯಾಲೆ ಇಟ್ಟೇನಿ. ತೊಗಲ ನೋಡಕೋತ ಕತಿನೂ ತಿಳೀತು.”

“ಏನದು ಕಥಿ?”

“ಈಂವ ತಪ್ಪು ಮಾಡಿಲ್ರಿ. ಬ್ಯಾರೇದವ್ರು ಮಾಡಿದ್ದು ಇವನ ಮ್ಯಾಲೆ ಹಾಕ್ಯಾರ. ಹ್ವಾದ ಊರಾಗೆಲ್ಲ ಆ ಊರ ಕೆಲಸ ಮಾಡಿಕೊಡತಾನ. ಕೆಲಸ ಆಗೂಮಟ ಎಲ್ಲಾರಿಗೂ ಬೇಕು. ಆತಂದ್ರ, ಊರೊಳಗ ಇರಪಾ ಅಂತ ಒಬ್ರೂ ಅನ್ನಂಗಿಲ್ಲ. ಕಡೀ ಚಿತ್ರ ನೋಡ್ರಿ ಬೇಕಾದ್ರ, ಹರ ಸಲ ಊರ ಹೊರಗ ಹೊಂಟಿರ್ತಾನ.”

ಅಪ್ಪ ಇದನ್ನು ಕೊಂಕು ಇಲ್ಲದೆ ಹೇಳಿದ. ಬೇರೆ ದೇಶದ ಯಾರದೋ ಕಥೆಯಂತೆ ಹೇಳಿದ. ಹೆಡ್ಮಾಸ್ತರರು ಹೊಸ್ತಿಲನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ತಲೆ ಬಾಗಿಸಿ ಒಳಗೆ ಬಂದರು. ಕೈಯ ಬನ್ನಿಯಲ್ಲಿ ಒಂದಿಷ್ಟು ಹತ್ಯಾರಕ್ಕೆ ಏರಿಸಿದರು, ಒಂದಿಷ್ಟು ಪಿಸ್ತೂಲಿನವನ ಹ್ಯಾಟಿಗೆ. “ಬನ್ನಿ ಏರಿತಲ್ಲ, ಇನ್ನ ಎತ್ತಬಹುದಲ್ಲ?” ಎಂದು ಕಂಬಳಿಯ ಅಂಚಿಗೆ ಕೂತರು. ಕಿಸೆಯಿಂದ ಚಷ್ಮಾ ತೆಗೆದರು. ಅಪ್ಪ ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸುತ್ತ ಹೋದ, ಅವರು ಹೂಂ ಎನ್ನುತ್ತ ಹೋದರು. ಕೊನೆಯ ಚಿತ್ರ ಬಂದಾಗ ಚಷ್ಮಾ ಒರೆಸಿಕೊಂಡು, “ತಂಗೀ, ಒಂದ್ ತಂಬಿಗಿ ನೀರು ಕೊಡ್ರಿ” ಎಂದರು. ಅವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಕಣ್ಸನ್ನೆ ಮಾಡಿದ ಮೇಲೆ ಕೊಟ್ಟಳು. ಅವರು ಕುಡಿದರು.

ಹೊರಡುವಾಗ ನನ್ನ ಕೈಗೆ ಬನ್ನಿ ಇಟ್ಟು, “ಮಾಸ್ತರ, ಇದನ್ನ ಸಾಲೀಗೆ ಮಾತ್ರ ತರಬ್ಯಾಡ್ರಿ. ಅಲ್ಲೆ ನಾ ಹೆಡ್ಮಾಸ್ತರ ಇರ್ತೇನಿ” ಎಂದರು. ಮೀಸೆಯ ಮೂಲೆ ಒಂದಿಷ್ಟು ಅಲುಗಿತು. ಅದು ನಗುವೇ ಎಂದು ಪ್ರಮಾಣ ಮಾಡಿ ಹೇಳಲಾರೆ. ನೌಕರಿ ಕಾಯಂ ಆಯಿತು. ಅದರಲ್ಲಿ ನನ್ನ ಕೆಲಸದ ಪಾಲೆಷ್ಟು, ಆ ಸಂಜೆಯ ಪಾಲೆಷ್ಟು ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಕೇಳಿಕೊಂಡು ಒಂದಿಷ್ಟು ಹೊತ್ತು ನಿದ್ದೆ ಕೆಡಿಸಿಕೊಳ್ಳುತ್ತೇನೆ. ರೋಗ ಅಷ್ಟು ಸುಲಭಕ್ಕೆ ವಾಸಿಯಾಗುವಂಥದಲ್ಲ.

ಹೀಗಾಗಿ ಬಾಗಿಲಿಗೆ ಮುಖ ಮಾಡಿ ಕೂಡುವುದನ್ನು ನಾನು ಬಿಟ್ಟಿಲ್ಲ. ಆದರೆ ಆ ಭಂಗಿಯ ಒಂದು ದೋಷ ಮಾತ್ರ ಈಗ ತಿಳಿದಿದೆ. ಆ ತಿಂಗಳುಗಳೆಲ್ಲ ನಾನು ಯಾರು ಬಂದಾರೆಂದು ಬಾಗಿಲನ್ನು ಕಾಯುತ್ತ ಕೂತಿದ್ದೆ. ನನ್ನ ಬೆನ್ನ ಹಿಂದೆ, ತೊಗಲಿನ ಸುರುಳಿಗಳ ನಡುವೆ, ನಮ್ಮ ಅಪ್ಪ ಪುಸ್ತಕ ಓದುತ್ತಿದ್ದ.