ಖಂಡೆ ಪೂಜೆಯ ಕೆಂಪು ಚೀಟಿ

ರಜೆಗೆಂದು ಊರಿಗೆ ಬಂದರೂ ನನ್ನ ಕೈ ಸುಮ್ಮನಿರುವುದಿಲ್ಲ. ಅಂಕಲಿಯ ಅಕ್ಕನ ಮನೆಯಲ್ಲಿ ಮಲಗುವ ಮುಂಚೆ ಗ್ಯಾಸಿನ ಗುಂಡಿಯನ್ನು ಎರಡು ಸಲ ಮುಟ್ಟಿ ನೋಡುತ್ತೇನೆ, ಬಾಗಿಲ ಚಿಲಕವನ್ನು ಮೂರು ಸಲ. "ಇಷ್ಟ್ ಅನುಮಾನ ಇದ್ದಾವ ಮದುವಿ ಹೆಂಗ್ ಮಾಡ್ಕೊಂಡ್ಯೋ?" ಎಂದು ಅಕ್ಕ ನಗುತ್ತಾಳೆ.

ಅನುಮಾನವೇ ನನ್ನ ಹೊಟ್ಟೆಪಾಡು. ದೂರದ ಒಂದು ಅಣುವಿದ್ಯುತ್ ಸ್ಥಾವರದಲ್ಲಿ ನನ್ನದು ಸುರಕ್ಷತಾ ತಪಾಸಣೆಯ ಕೆಲಸ. ಅಣು ಎಂದಾಕ್ಷಣ ಜನರ ಕಣ್ಣು ದೊಡ್ಡದಾಗುತ್ತದೆ. ನನ್ನ ದಿನಗಳು ಮಾತ್ರ ಸೋರುವ ಪೈಪು, ತುಕ್ಕು ಹಿಡಿದ ಬೋಲ್ಟು, ತಿರುಗದ ವಾಲ್ವುಗಳ ಜೊತೆ ಕಳೆಯುತ್ತವೆ. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿ ಬರೆದಿಡುವವನೆಂದರೆ ಯಾರಿಗೂ ಅಷ್ಟಕ್ಕಷ್ಟೇ. ಚಹಾದ ಅಂಗಡಿಗೆ ನಾನು ಹೋದರೆ ಮಾತು ನಿಲ್ಲುತ್ತದೆ.

ಕಳೆದ ದಸರಾಕ್ಕೆ ಊರಿಗೆ ಬಂದಾಗಿನ ಮಾತಿದು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಬೆಳಿಗ್ಗೆ ಅಕ್ಕ ಕುಡಗೋಲು, ಸಲಿಕೆ, ಹಾರೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದಳು. ಆಮೇಲೆ ಒದ್ದೆ ಅರಿವೆ ಹಿಡಿದು ಗೋಡೆಯ ಮೇಲಿನ ಎರಡು ಸ್ಟಾರ್ಟರ್ ಡಬ್ಬಿಗಳತ್ತ ಹೋದಳು. ಒಂದು ಬೋರ್‌ವೆಲ್ಲಿನದು, ಇನ್ನೊಂದು ನದಿಯ ಮೋಟರಿನದು. ಅಕ್ಕನ ಗಂಡ, ನಮ್ಮ ಮಾವ, ರಿಪೇರಿಗೆಂದು ನದಿಯ ಮೋಟರ್ ಬಿಚ್ಚಿದ್ದರಿಂದ, ಯಾರೂ ಚಾಲೂ ಮಾಡದಿರಲೆಂದು ಅದರ ಡಬ್ಬಿಗೆ "ಹಚ್ಚಬ್ಯಾಡ್ರಿ" ಎಂದು ಬರೆದ ರಟ್ಟು ಕಟ್ಟಿದ್ದರು. ಅಕ್ಕ ರಟ್ಟು ಬಿಚ್ಚಿದಳು, ಡಬ್ಬಿ ಒರೆಸಿದಳು, ವಿಭೂತಿ ಹಚ್ಚಿ ಚೆಂಡು ಹೂವಿನ ಮಾಲೆ ಹಾಕಿದಳು. ರಟ್ಟನ್ನು ಮರಳಿ ಕಟ್ಟುವಾಗ ಬೋರ್‌ವೆಲ್ಲಿನ ಡಬ್ಬಿಗೆ ಕಟ್ಟಿದಳು.

ನಾನು ಹಾರಿ ಬಿದ್ದೆ. "ಅಕ್ಕಾ, ಏನ್ ಮಾಡಾಕತ್ತಿ? ಮಾವ ಅಲ್ಲಿ ಮೋಟರಿನ್ಯಾಗ ಕೈ ಹಾಕಿದಾಗ ಯಾರರ ಇಲ್ಲಿ ಬಟನ್ ಒತ್ತಿದ್ರ?"

"ಯಾಕ್ ಒದರ್ತಿ? ತೊಳದು ಕಟ್ಟೂದ್ರಾಗ ಅದಲಿ ಬದಲಿ ಆಗೈತಿ, ಅಷ್ಟ," ಎಂದು ಅಕ್ಕ ರಟ್ಟು ಬದಲಿಸಿ ಕಟ್ಟಿದಳು.

ಆ ಮಾತು ಕೇಳಿ ಅವಳನ್ನು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ. ಏಕೆಂದರೆ ಹಿಂದಿನ ದಿನ ಸ್ಥಾವರದಲ್ಲಿ ನಾನೂ ಇಂಥದೇ ಒಂದು ಚೀಟಿ ಬಿಚ್ಚಿ ಕಟ್ಟಿ ಬಸ್ಸು ಹತ್ತಿದ್ದೆ.

ಹೊರಗಿನ ಕರೆಂಟು ಹೋದರೆ ರಿಯಾಕ್ಟರನ್ನು ತಣ್ಣಗಿಡುವ ಪಂಪುಗಳಿಗೆ ಕರೆಂಟು ಕೊಡಲೆಂದು ನಮ್ಮಲ್ಲಿ ದೊಡ್ಡ ಡೀಸೆಲ್ ಜನರೇಟರುಗಳಿವೆ. ಒತ್ತಡದ ಗಾಳಿ ಬಿಟ್ಟರೆ ಇಂಜಿನ್ ತಿರುಗಿ ಅವು ಚಾಲೂ ಆಗುತ್ತವೆ. ಎರಡನೇ ನಂಬರಿನದು ರಿಪೇರಿಯಲ್ಲಿತ್ತು. ಅದರ ಗಾಳಿಯ ವಾಲ್ವ್ ಮುಚ್ಚಿ, ಯಾರೂ ಮುಟ್ಟಬಾರದೆಂದು ಕೆಂಪು ಚೀಟಿ ತೂಗುಬಿಟ್ಟಿದ್ದರು. ಚೀಟಿಯ ಜೊತೆ ಬೀಗವೂ ಇರಬೇಕು. ಆ ಬೀಗ ಕೆಟ್ಟಿತ್ತು. ಹೊಸದು ಬರುವವರೆಗೆ ಚೀಟಿ ಸಾಕು ಎಂದು ಸಹಿ ಹಾಕಿದವನು ನಾನೇ. ಹಬ್ಬದ ರಜೆ ಎಂದು ಅಲ್ಲಿ ಒಂದು ದಿನ ಮೊದಲೇ ಪೂಜೆ. ಎಲ್ಲರೂ ಮಷಿನ್ ಒರೆಸುತ್ತಿದ್ದಾಗ ನನಗೂ ಹುರುಪು ಬಂತು. ಎಣ್ಣೆ ಮೆತ್ತಿದ ಚೀಟಿ ಪೂಜೆಗೆ ಚಂದ ಕಾಣದೆಂದು ಬಿಚ್ಚಿ, ಕಿಸೆಯಲ್ಲಿಟ್ಟುಕೊಂಡು, ವಾಲ್ವಿಗೆ ಕುಂಕುಮ ಹಚ್ಚಿ ಹೂವಿನ ಮಾಲೆ ಹಾಕಿದೆ. ಚೀಟಿಯನ್ನು ಮರಳಿ ಕಟ್ಟಿದ್ದು ನೆನಪಿದೆ. ಪಕ್ಕಪಕ್ಕದಲ್ಲೇ ಇರುವ ಒಂದನೇ ನಂಬರಿಗೋ ಎರಡನೇ ನಂಬರಿಗೋ, ಅದು ಮಾತ್ರ ನೆನಪಿಗೆ ಬರಲಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿತ್ತಂತೆ. ಇಂಥದೇ ತಪ್ಪಿಗೆ ಒಬ್ಬ ಆಪರೇಟರನನ್ನು ಎಲ್ಲರೆದುರು ನಿಲ್ಲಿಸಿ ನಾನು ಬೈದಿದ್ದೆ. ಅವನ ಮುಖ ಕಣ್ಣಮುಂದೆ ಬಂತು. ಫೋನ್ ತೆಗೆದೆ, ಇಟ್ಟೆ. ರಿಪೇರಿ ಮತ್ತೆ ಶುರುವಾಗುವುದು ಹಬ್ಬ ಮುಗಿದ ಮೇಲೆ, ಇನ್ನೂ ಎರಡು ದಿನವಿದೆ ಎಂದುಕೊಂಡೆ. ತೆಂಗಿನಕಾಯಿ ತರುತ್ತೇನೆಂದು ಮಾವನ ಬೈಕು ಹತ್ತಿದೆ. ತೆಂಗಿನಕಾಯಿ ಅಂಕಲಿಯಲ್ಲೇ ಸಿಗುತ್ತಿತ್ತು. ನಾನು ಚಿಕ್ಕೋಡಿಗೆ ಹೋದೆ. ದಾರಿಯುದ್ದಕ್ಕೂ ಆಳೆತ್ತರದ ಕಬ್ಬು, ಎದುರಿಗೆ ಹಾರ ಹಾಕಿಕೊಂಡ ಟ್ರ್ಯಾಕ್ಟರುಗಳು. ಪ್ರತಿ ಹಾರದ ಹಿಂದೆ ಏನು ಮುಚ್ಚಿಹೋಗಿದೆಯೋ ಎಂದೇ ನೋಡಿದೆ.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಬದಿಗೆ ನಿಂತು ಕಡೆಗೂ ಫೋನ್ ಮಾಡಿದೆ. ಕಂಟ್ರೋಲ್ ರೂಮಿಗಲ್ಲ, ಫಿಟ್ಟರನಿಗೆ. ಎರಡನೇ ನಂಬರಿನ ರಿಪೇರಿ ಅವನದೇ. ಬೇಡಕಿಹಾಳದವನು, ನಮ್ಮ ಕಡೆಯವನೆಂದು ಸಲಿಗೆ. ಸುಮ್ಮನೆ ಕೇಳಿ ನೋಡೋಣ, ಮಾತು ಹೊರಗೆ ಹೋಗದು ಎಂಬ ಕಳ್ಳಬುದ್ಧಿ ನನ್ನದು.

"ಸಾಹೇಬ್ರ, ಗೇಟಿನ್ಯಾಗ ನಿಂತೇನ್ರಿ," ಎಂದ. "ರಜಾ ರದ್ದಾತು. ಎರಡನೇ ನಂಬರ್ ಲಗೂನ ಮುಗಸ್ರಿ ಅಂದಾರ. ಫೋನ್ ಇಲ್ಲೇ ಇಟ್ಟು ಒಳಗ ಹೊಂಟೇನಿ."

ನಾನು ಅವನನ್ನು ತಡೆದೆ. "ತಮ್ಮಾ, ಆ ಮಷಿನ್ಯಾಗ ಕೈ ಹಾಕಬ್ಯಾಡ. ಚೀಟಿ ನಾ ತಪ್ಪಿ ಒಂದನೇ ನಂಬರಿಗೆ ಕಟ್ಟೇನೇನೋ ಅಂತ ಅನುಮಾನ."

ಅವನು ದನಿ ತಗ್ಗಿಸಿದ. "ಅಂಜಬ್ಯಾಡ್ರಿ. ನಾ ಹೋಗಿ ಸುಮ್ಮನ ಬದಲಿ ಮಾಡ್ತೇನ್ರಿ. ಯಾರಿಗೂ ಗೊತ್ತಾಗೂದಿಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ಎದೆಯ ಮೇಲಿನ ಭಾರ ಇಳಿದಂತಾಯಿತು. ಹೂಂ ಎನ್ನಲು ಬಾಯಿ ತೆರೆದೆ. ಆದರೆ ಯಾರಿಗೂ ಹೇಳದೆ ಚೀಟಿ ಬಿಚ್ಚಿ ಕಟ್ಟಿದ್ದಕ್ಕೇ ಅಲ್ಲವೇ ಇಷ್ಟೆಲ್ಲ? ಈಗ ಅದನ್ನೇ ಅವನ ಕೈಯಿಂದ ಮಾಡಿಸಲು ಹೊರಟಿದ್ದೆ. "ಬ್ಯಾಡ. ನೀ ಗೇಟಿನ್ಯಾಗ ಕುಂದರು. ನಾ ಕಂಟ್ರೋಲ್ ರೂಮಿಗೆ ಹೇಳ್ತೇನಿ," ಎಂದೆ.

ಶಿಫ್ಟಿನ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ನೋಡಿ ಹೇಳುತ್ತೇನೆಂದು ಅವರು ಫೋನಿಟ್ಟರು. ನಾನು ಬಸ್ಸುಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದೆ. ಒಬ್ಬ ಕಂಡಕ್ಟರ್ ಎರಡು ಸಲ "ನಿಪ್ಪಾಣಿಗೇನ್ರಿ?" ಎಂದು ಕೇಳಿ ಮೂರನೇ ಸಲ ಕೈಬಿಟ್ಟ. ಅರ್ಧ ಗಂಟೆಯ ಮೇಲೆ ಫೋನ್ ಬಂತು.

"ಚೀಟಿ ಒಂದನೇ ನಂಬರಿನಲ್ಲಿತ್ತು," ಎಂದರು ಮುಖ್ಯಸ್ಥರು. "ಎರಡನೇ ವಾಲ್ವ್‌ಗೆ ಬರೀ ಹೂವಿನ ಮಾಲೆ. ಚೀಟಿ ಇಲ್ಲವೆಂದು ಬೆಳಗಿನ ಪಾಳಿಯವರು ರಿಪೇರಿ ಮುಗಿದಿದೆ ಅಂದುಕೊಂಡು ಅದನ್ನು ತೆರೆದಿದ್ದಾರೆ. ಗಾಳಿ ಇಂಜಿನ್ನಿನ ತನಕ ಬಂದು ನಿಂತಿದೆ." ಆಮೇಲೆ, "ಫಿಟ್ಟರ್ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ," ಎಂದರು.

ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ತೆಂಗಿನಕಾಯಿ ಮರೆತೇ ಮನೆಗೆ ಬಂದೆ. ಅಕ್ಕ ಬೈಯಲಿಲ್ಲ, ನನ್ನ ಮುಖ ನೋಡಿ ನೀರು ತಂದುಕೊಟ್ಟಳು.

ಮರಳಿ ಹೋದ ಮೇಲೆ ವರದಿ ನಾನೇ ಬರೆದೆ. ತಪ್ಪು ಮಾಡಿದವರು ಎಂಬಲ್ಲಿ ನನ್ನ ಹೆಸರು, ಬೀಗವಿಲ್ಲದೆ ಒಪ್ಪಿಗೆ ಕೊಟ್ಟವರು ಎಂಬಲ್ಲೂ ನನ್ನ ಹೆಸರು. ಹಿಂದೆ ಬೈಸಿಕೊಂಡಿದ್ದ ಆಪರೇಟರನ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ಇರಲಿ ಬಿಡಿ ಸಾರ್," ಎಂದ. ಹಾಗೆಂದರೂ ನನ್ನ ಮುಖ ನೋಡಲಿಲ್ಲ.

ಫಿಟ್ಟರ್ ಸಂಜೆ ಬನ್ನಿ ಎಲೆ ಹಿಡಿದು ಬಂದ. ಸೀಗಿ ಹುಣ್ಣಿಮೆಯ ತನಕ ಬನ್ನಿ ಕೊಡುವುದು ನಮ್ಮ ಕಡೆಯ ರೂಢಿ, ಅದಿನ್ನೂ ದಾಟಿರಲಿಲ್ಲ. "ಬಂಗಾರ ತಗೋರಿ ಸಾಹೇಬ್ರ. ಬಂಗಾರದಂಗ ಇರೂಣು," ಎಂದು ಕೈ ಚಾಚಿದ. ಉಗುರಿನ ಸಂದಿಯಲ್ಲಿ ಗ್ರೀಸು ಕೂತಿದ್ದ, ಐದೂ ಬೆರಳಿನ ಕೈ. ಎಲೆ ತೆಗೆದುಕೊಂಡ ಮೇಲೂ ನನಗೆ ಆ ಕೈಯನ್ನು ಬಿಡಲಾಗಲಿಲ್ಲ.

"ಬಿಡ್ರಿ ಸಾಹೇಬ್ರ," ಎಂದ ಅವನು. "ಎರಡನೇ ನಂಬರಿನ ಕೆಲಸ ಇನ್ನೂ ಉಳದೈತಿ."