ಎರಡು ಗೀರಿನ ಮೂಸೆ

ಕುಲುಮೆ ಅಕ್ಕನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. "ಮೂಸೆ ತೊಳೆಯದೆ ಗಾಜು ಕೆಡಿಸಿದ್ದಕ್ಕೆ ದಂಡ" ಎಂದು ಕಚೇರಿಯ ಕಾಗದದಲ್ಲಿದೆ.

ಗಾಜಿನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪುಡಿ ತೂಗಿ, ಮೂಸೆಯಲ್ಲಿಟ್ಟು ಕರಗಿಸಿ, ಗಾಜಿನ ಬಿಲ್ಲೆ ಎರೆಯುವವಳು ಆಕೆ. ಇವತ್ತಿಗೂ ದಿನಗೂಲಿ. ಅಲ್ಲಿ ಬಳಸುವ ಅಪರೂಪದ ಲೋಹಗಳು ಎರಡು. ಎರ್ಬಿಯಂ ಬೆರೆತ ಗಾಜಿಗೆ ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಯಿಟರ್ಬಿಯಂ ಹಾಗಲ್ಲ, ಅವಕೆಂಪನ್ನು ನುಂಗಿ ಅವಕೆಂಪನ್ನೇ ಉಗುಳುತ್ತದೆ, ನೋಡುವವರಿಗೆ ಏನೂ ಕಾಣದು. ಎರ್ಬಿಯಂ ಚೂರು ಅಂಟಿದರೂ ಯಿಟರ್ಬಿಯಂ ಗಾಜು ಕೆಟ್ಟಂತೆ. ಅದಕ್ಕೇ ಅಕ್ಕ ಎರ್ಬಿಯಂ ಮೂಸೆಗೆ ಒಂದು ಗೀರು, ಯಿಟರ್ಬಿಯಂ ಮೂಸೆಗೆ ಎರಡು ಗೀರು ಹಾಕಿ, ಕಪಾಟು, ಬ್ರಷ್ಷು, ಒರೆಸುವ ಬಟ್ಟೆ ಎಲ್ಲ ಬೇರೆ ಬೇರೆ ಇಟ್ಟಿದ್ದಳು.

ಒಂದು ಸಲ ಯಿಟರ್ಬಿಯಂ ದಟ್ಟವಾಗಿ ಹಾಕಿದ ಬಿಲ್ಲೆ, ಲೇಸರ್ ಬಿಟ್ಟಾಗ ಏನೂ ಕಾಣದಿರುವ ಬದಲು, ಮಂಕಾಗಿ ಹಸಿರು ಹೊಳೆಯಿತು. ವಿಜ್ಞಾನಿ ಮೇಷ್ಟ್ರು ಮುಖ ಗಂಟಿಕ್ಕಿದರು. "ಏನಮ್ಮಾ, ಎರ್ಬಿಯಂ ಮೂಸೇಲೇ ಕರಗಿಸಿಬಿಟ್ರಾ?"

"ಇಲ್ಲ ಸಾರ್."

ಮಧ್ಯಾಹ್ನಕ್ಕೆ ದಂಡದ ಕಾಗದ ಬಂತು. ಮನೆಯಲ್ಲಿ ಆಕೆಯ ಗಂಡ, ದರ್ಜಿ, ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಇಷ್ಟು ವರ್ಷ ದುಡಿದ್ರೂ ನೀನು ಎಮ್ಮೇನೇ."

"ಎಮ್ಮೆ ಒದಿಯುತ್ತೆ, ನಾಳೆ ನೋಡು."

ಬೆಳಿಗ್ಗೆ ಆಕೆ ಎರಡೂ ಬಗೆಯ ಬಿಲ್ಲೆಗಳನ್ನು ಲೇಸರ್ ಮುಂದೆ ಇಡಿಸಿದಳು. "ಕನ್ನಡಕ ಹಾಕ್ಕೊಂಡು ನೋಡಿ ಸಾರ್. ಎರ್ಬಿಯಂದು ಗಿಣಿ ಹಸಿರು. ಇದು ನೀಲಿಗೆ ತಿರುಗಿದೆ. ಮೂಸೆ ಕೊಳೆ ಆಗಿದ್ರೆ ಎರಡೂ ಒಂದೇ ಬಣ್ಣ ಇರ್ಬೇಕಿತ್ತಲ್ಲ?"

"ಕಣ್ಣಂದಾಜು ನಡೆಯಲ್ಲಮ್ಮ."

"ಹಾಗಾದ್ರೆ ಯಂತ್ರಕ್ಕೆ ಹಾಕಿ. ನನ್ನ ಕೂಲಿ ಹಿಡಿಯೋಕೆ ಯಾವ ಯಂತ್ರ ಕೇಳಿದ್ರಿ?"

ಬೆಳಕಿನ ಬಣ್ಣಗಳನ್ನು ಬಿಡಿಸಿ ಗೆರೆಯಾಗಿ ತೋರಿಸುವ ಯಂತ್ರಕ್ಕೆ ಹಾಕಿದರು. ಎರ್ಬಿಯಂನ ಚೂಪು ಗೆರೆಗಳ ಸುಳಿವೇ ಇಲ್ಲ. ಇದ್ದದ್ದು ಒಂದೇ ಒಂದು ಅಗಲವಾದ ದಿಬ್ಬ, ಯಿಟರ್ಬಿಯಂ ಉಗುಳುವ ಅವಕೆಂಪಿನ ಅರ್ಧ ತರಂಗಾಂತರದಲ್ಲಿ. ಮೇಷ್ಟ್ರು ಚೀಟಿಯ ಮೇಲೆ ಬರೆದು ತೋರಿಸಿದರು: ಅರ್ಧ ತರಂಗಾಂತರ ಎಂದರೆ ಎರಡು ಪಟ್ಟು ಶಕ್ತಿ; ಅಕ್ಕಪಕ್ಕದ ಎರಡು ಯಿಟರ್ಬಿಯಂ ಅಯಾನುಗಳು ತಮ್ಮ ಶಕ್ತಿ ಒಟ್ಟುಗೂಡಿಸಿ ಒಂದೇ ಬೆಳಕಿನ ಕಣವಾಗಿ ಬಿಡುತ್ತಿವೆ. ಒಂಟಿ ಅಯಾನಿಗೆ ಆ ತಾಕತ್ತಿಲ್ಲ.

"ನಮ್ಮ ದಿನಗೂಲಿ ಸಂಘದ ಹಾಗೆ ಅನ್ನಿ," ಎಂದಳು ಅಕ್ಕ. ಮೇಷ್ಟ್ರು ನಗಲಿಲ್ಲ.

ಆ ಬೆಳಕಿನ ಬಗ್ಗೆ ಲೇಖನ ಅಚ್ಚಾಯಿತು. ಆಕೆಗೂ ಒಂದು ಪ್ರತಿ ಕೊಟ್ಟರು. ದಂಡದ ಕಾಗದ ಮಾತ್ರ ಕಡತದಲ್ಲಿ ಹಾಗೇ ಇದೆ. ಕೇಳಿದರೆ "ಬರೆದಾಗಿದೆಯಲ್ಲ" ಅನ್ನುತ್ತಾರೆ. ಆಕೆಯನ್ನು ಕೊರೆಯುವುದು ದುಡ್ಡಿಗಿಂತ ಹೆಚ್ಚಾಗಿ "ತೊಳೆಯದೆ" ಎಂಬ ಆ ಒಂದು ಮಾತು.

ಇಂಥ ಗಾಜಿನ ಬಗ್ಗೆ ಪಾಠ ಮಾಡುವವರು, ಅದಕ್ಕೆ ಹಣ ಮಂಜೂರು ಮಾಡುವವರು ನೀವಾದರೆ, ನಿಮ್ಮಲ್ಲಿ ಕುಲುಮೆ ಕಾಯುವವರ ಕಡತ ತೆಗೆಸಿ. ಸುಳ್ಳು ದಂಡ ಕಂಡರೆ ಅಡ್ಡಗೀಟು ಎಳೆದು ಸಹಿ ಹಾಕಿ. ಹಿಡಿದ ಕೂಲಿ ಈ ತಿಂಗಳೊಳಗೆ ಕೊಡಿ.